ಭಾನುವಾರ ಹೊರಟ ಲಾರಿ

ಆ ಕಾರ್ಖಾನೆಯ ಹಾಜರಾತಿ ಪುಸ್ತಕ ಅಷ್ಟು ಅಚ್ಚುಕಟ್ಟಾಗಿದ್ದದ್ದೇ ನನಗೆ ಅನುಮಾನ ಹುಟ್ಟಿಸಿತು. ಮುನ್ನೂರು ಜನ ಕೆಲಸ ಮಾಡುವ ಜಾಗ. ಎಲ್ಲೂ ಒಂದು ಕಾಟು ಇಲ್ಲ, ಯಾರೂ ಐದು ನಿಮಿಷ ತಡವಾಗಿ ಬಂದಿಲ್ಲ, ಭಾನುವಾರ ಎಲ್ಲರಿಗೂ ರಜೆ. ಹೀಗೆ ನಡೆಯುವ ಕಾರ್ಖಾನೆಯನ್ನು ನಾನಂತೂ ನೋಡಿಲ್ಲ.

ಸೋಪು, ಶಾಂಪೂ ಮಾಡುವ ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದೇನೆ. ಇವರು ನಮಗೆ ಸೋಪಿನ ರಟ್ಟಿನ ಡಬ್ಬಿ ಮುದ್ರಿಸಿ ಕೊಡುವವರು. ಕಾರ್ಮಿಕರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅಂತ ಪರಿಶೀಲಿಸುವ ಆಡಿಟ್ ಕಂಪನಿಯ ವರದಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ನಾನು ಹೋಗಿದ್ದು ಸುಮ್ನೆ ಒಂದು ಸಲ ನೋಡಿ ಬರೋಣ ಅಂತ.

ಹೊರಗೆ ಬಂದು ಸೆಕ್ಯೂರಿಟಿಯವರ ಹತ್ತಿರ ಗೇಟ್ ರಿಜಿಸ್ಟರ್ ಕೇಳಿದೆ. ಆ ಪುಸ್ತಕವನ್ನು ತಿದ್ದಿ ಬರೆಯಬೇಕು ಅಂತ ಯಾರಿಗೂ ಹೊಳೆದಿರುವುದಿಲ್ಲ. ಸಾಲಾಗಿ ಮೂರು ಭಾನುವಾರ ರಾತ್ರಿ ಲಾರಿ ತುಂಬಿ ಹೊರಟಿತ್ತು. ಗೋದಾಮಿನಲ್ಲಿದ್ದ ಹಳೆಯ ಮಾಲು ಕಳಿಸಿರಬಹುದು ಅಲ್ವಾ? ಹಾಗಾಗಿ ಮೆಷಿನ್ ರಿಪೇರಿ ಪುಸ್ತಕವನ್ನೂ ತರಿಸಿದೆ. ಅದೇ ಭಾನುವಾರ ಮಧ್ಯಾಹ್ನ 3.20ಕ್ಕೆ ಇಂಕ್ ರೋಲರ್ ಸಿಕ್ಕಿಹಾಕಿಕೊಂಡಿತ್ತು, 4.05ಕ್ಕೆ ಸರಿಹೋಗಿತ್ತು. ರಜೆಯ ದಿನ ಮೆಷಿನ್ ತಾನಾಗಿಯೇ ಓಡುವುದಿಲ್ಲ.

ಮ್ಯಾನೇಜರ್ ವಾದ ಮಾಡಲಿಲ್ಲ. ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ನಮ್ಮದೇ ಇಮೇಲ್. ಗುರುವಾರ ಸಂಜೆ ಡಿಸೈನ್ ಬದಲಾಯಿಸಿದ್ದೇವೆ, ಸೋಮವಾರ ಬೆಳಿಗ್ಗೆ ಮಾಲು ಕೇಳಿದ್ದೇವೆ, ತಡವಾದರೆ ದಂಡ ಅಂತ ಕೆಳಗೆ ಬರೆದಿದ್ದೇವೆ.

"ನೀವೇ ಹೇಳಿ ಸರ್, ಭಾನುವಾರ ರಜೆ ಹೇಗೆ ಕೊಡಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಇಮೇಲ್‌ನಲ್ಲಿ ನನ್ನ ಹೆಸರೂ ಇತ್ತು.

ಸರ್ಟಿಫಿಕೇಟ್ ನೋಡಿ ನೆಮ್ಮದಿಯಾಗಿ ಕೂರುವುದು ಎಷ್ಟು ಅಪಾಯ ಅಂತ ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತು. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಒಂದು ಗಾರ್ಮೆಂಟ್ ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಬೆಂಕಿಗೆ ಕೆಲವೇ ವಾರ ಮೊದಲು ಅದಕ್ಕೆ ಎಸ್‌ಎ 8000 ಸರ್ಟಿಫಿಕೇಟ್, ಅಂದರೆ ಕಾರ್ಮಿಕರ ಸುರಕ್ಷತೆ, ಹಕ್ಕುಗಳು ಸರಿಯಾಗಿವೆ ಅನ್ನುವ ಪ್ರಮಾಣಪತ್ರ, ಸಿಕ್ಕಿತ್ತು. ಮರುವರ್ಷ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ಗಾರ್ಮೆಂಟ್ ಘಟಕಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಜಾಸ್ತಿ ಜನ ಹೋದರು. ಅಲ್ಲಿದ್ದ ಕೆಲವು ಘಟಕಗಳಿಗೂ ಆಡಿಟ್ ಆಗಿತ್ತು. ಗೋಡೆ ಬಿರುಕು ಬಿಟ್ಟಿದ್ದು ಹಿಂದಿನ ದಿನವೇ ಕಂಡಿತ್ತು. ಆದರೂ ಕಾರ್ಮಿಕರನ್ನು ಒಳಗೆ ಕರೆದರು.

ವಾಪಸ್ ಬಂದು ಮೊದಲು ನಮ್ಮ ಮೇಜನ್ನೇ ಸರಿಮಾಡಲು ಹೊರಟೆ. ಡಿಸೈನ್ ಅಂತಿಮವಾದ ಮೇಲೆ ಮೂರು ವಾರ ಮುಟ್ಟುವಂತಿಲ್ಲ ಅಂತ ನಿಯಮ ಬಂತು. ಬದಲಾವಣೆ ನಮ್ಮಿಂದಾದರೆ ದಂಡ ಇಲ್ಲ. ಮಾಲಿನ ಹಣ 90 ದಿನಕ್ಕೆ ಕೊಡುತ್ತಿದ್ದದ್ದನ್ನು 45ಕ್ಕೆ ಇಳಿಸಿದೆವು. ಇದಕ್ಕೆ ಫೈನಾನ್ಸ್‌ನವರ ಜೊತೆ ಆರು ತಿಂಗಳು ಜಗಳ. ಕೊಟೇಶನ್ ಬಂದಾಗ ಕಾಗದ, ಇಂಕು, ಕರೆಂಟು, ಕೂಲಿ ಬಿಡಿಸಿ ಲೆಕ್ಕ ಹಾಕುತ್ತೇವೆ. ಕನಿಷ್ಠ ವೇತನ ಕೊಟ್ಟರೆ ಆ ದರಕ್ಕೆ ಗಿಟ್ಟುವುದೇ ಇಲ್ಲ ಅಂತ ಕಂಡರೆ ಬೇಡ ಅನ್ನುತ್ತೇವೆ. ಕಡಿಮೆ ದರ ಬಿಡುವುದು ಖರೀದಿಯವನಿಗೆ ಹಲ್ಲು ಕಿತ್ತಷ್ಟು ನೋವು, ನಿಜ ಹೇಳುತ್ತೇನೆ.

ಕಾರ್ಮಿಕರನ್ನು ಮಾತಾಡಿಸುವ ರೀತಿಯೂ ಬದಲಾಯಿತು. ಮ್ಯಾನೇಜರ್ ಕೋಣೆಯಲ್ಲಿ ಕೂರಿಸಿ "ಇಲ್ಲಿ ಎಲ್ಲಾ ಚೆನ್ನಾಗಿದೆಯಾ?" ಅಂತ ಕೇಳಿದರೆ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಈಗ ಅವರ ಭಾಷೆ ಬಲ್ಲವರು ಕಾರ್ಖಾನೆಯ ಹೊರಗೆ ಮಾತಾಡಿಸುತ್ತಾರೆ. ಕಳೆದ ತಿಂಗಳು ಕೈಗೆ ಎಷ್ಟು ಬಂತು? ಈ ಕೆಲಸ ಕೊಡಿಸಲು ಯಾರಿಗಾದರೂ ದುಡ್ಡು ಕೊಟ್ಟಿರಾ? ಪಾಸ್‌ಪೋರ್ಟ್ ಯಾರ ಹತ್ತಿರ ಇದೆ? ಬಲವಂತದ ದುಡಿಮೆಯನ್ನು ಗುರುತಿಸಲು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 11 ಲಕ್ಷಣ ಕೊಟ್ಟಿದೆ. ದಾಖಲೆ ಕಿತ್ತಿಟ್ಟುಕೊಳ್ಳುವುದು, ಸಾಲದಲ್ಲಿ ಸಿಕ್ಕಿಸುವುದು, ಸಂಬಳ ತಡೆಯುವುದು ಅದರಲ್ಲಿ ಸೇರಿವೆ. ಒಂದು ಕಡೆ ಏಜೆಂಟನಿಗೆ ಕೊಟ್ಟ ದುಡ್ಡು ತೀರಿಸಲು ಹುಡುಗರು ಒಂದು ವರ್ಷದಿಂದ ದುಡಿಯುತ್ತಿದ್ದರು. ಆ ಹಣವನ್ನು ಅವರಿಗೆ ವಾಪಸ್ ಕೊಡಿಸಿದೆವು. ಮಾಲೀಕರು ಅರ್ಧ ಹಾಕಿದರು, ಉಳಿದರ್ಧ ನಾವು. ಆರ್ಡರ್ ರದ್ದು ಮಾಡಿ ಕೈ ತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ಕೆಲಸ ಹೋಗಿ ಸಾಲ ಮಾತ್ರ ಅವರ ತಲೆಯ ಮೇಲೆ ಉಳಿಯುತ್ತಿತ್ತು.

ಡಬ್ಬಿಯ ಕಾರ್ಖಾನೆಗಾದರೂ ಹೋಗಿ ಬಾಗಿಲು ತಟ್ಟಬಹುದು. ತಾಳೆ ಎಣ್ಣೆಯ ಕಥೆ ಬೇರೆ. ಸೋಪಿನಲ್ಲಿ ಅದಿದೆ, ಶಾಂಪೂವಿನ ನೊರೆ ಬರಿಸುವ ರಾಸಾಯನಿಕದಲ್ಲೂ ಅದರ ಅಂಶ ಇರುತ್ತದೆ. ಜಗತ್ತಿನ ತಾಳೆ ಎಣ್ಣೆಯಲ್ಲಿ 80%ಕ್ಕಿಂತ ಜಾಸ್ತಿ ಇಂಡೋನೇಷ್ಯಾ, ಮಲೇಷ್ಯಾಗಳದ್ದು. ದಾರಿಯುದ್ದಕ್ಕೂ ಟ್ಯಾಂಕ್‌ನಿಂದ ಟ್ಯಾಂಕ್‌ಗೆ ಬೆರೆಯುತ್ತಾ ಬರುತ್ತದೆ. ಕಾಡಿಗೆ, ಜನರಿಗೆ ಹಾನಿಯಾಗದಂತೆ ಬೆಳೆದ ತಾಳೆಗೆ ಆರ್‌ಎಸ್‌ಪಿಒ ಅನ್ನುವ ಸಂಸ್ಥೆಯ ಪ್ರಮಾಣಪತ್ರ ಇದೆ, ಅದರಲ್ಲೇ ಹಲವು ಬಗೆ. 'ಮಾಸ್ ಬ್ಯಾಲೆನ್ಸ್' ಅಂದರೆ ಪ್ರಮಾಣಿತ ಎಣ್ಣೆ, ಸಾದಾ ಎಣ್ಣೆ ಬೆರೆತಿರುತ್ತವೆ. ಲೆಕ್ಕ ಮಾತ್ರ ತಾಳೆಯಾಗುತ್ತದೆ, ನಿಮ್ಮ ಡ್ರಮ್ಮಿಗೆ ಬಂದದ್ದು ಯಾವುದು ಅಂತ ಹೇಳಲಾಗದು. ಇದನ್ನು ಜಾಹೀರಾತಿನವರಿಗೆ ಅರ್ಥಮಾಡಿಸಲು ನನಗೆ ಎರಡು ಮೀಟಿಂಗ್ ಬೇಕಾಯಿತು.

ನಮಗೆ ದಾರಿ ತೋರಿಸಿದ್ದು ಹಣ್ಣೇ. ತಾಳೆಯ ಗೊನೆ ಕೊಯ್ದ ಮೇಲೆ ಒಂದು ದಿನದೊಳಗೆ ಮಿಲ್ ಸೇರಬೇಕು, ತಡವಾದಷ್ಟೂ ಎಣ್ಣೆಯಲ್ಲಿ ಆಮ್ಲ ಹೆಚ್ಚುತ್ತದೆ. ಅಂದರೆ ಮಿಲ್ ಎಲ್ಲಿದೆ ಅಂತ ಗೊತ್ತಾದರೆ ತೋಟಗಳು ಸುತ್ತಮುತ್ತಲೇ ಇರಬೇಕು. ನಾವು ಮಿಲ್‌ಗಳ ಪಟ್ಟಿ ಕೇಳಿ ಪಡೆದು, ಸುತ್ತಲಿನ ಉಪಗ್ರಹ ಚಿತ್ರ ನೋಡತೊಡಗಿದೆವು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ತಾಳೆ ಬೇಡ ಅನ್ನುತ್ತದೆ ಐರೋಪ್ಯ ಒಕ್ಕೂಟದ ಕಾನೂನು. ಅದೇ ತಾರೀಖನ್ನು ನಾವೂ ಇಟ್ಟುಕೊಂಡೆವು. ಮಿಲ್‌ನವರೆಗೆ ಹೆಚ್ಚೂಕಡಿಮೆ ತಲುಪಿದ್ದೇವೆ. ತೋಟದವರೆಗೆ ತಲುಪಿದ್ದು ಅರ್ಧಕ್ಕಿಂತ ಕಡಿಮೆ, ಯಾಕೆಂದರೆ ಸಣ್ಣ ರೈತರ ಹಣ್ಣು ದಲ್ಲಾಳಿಗಳ ಕೈ ದಾಟಿ ಬರುತ್ತದೆ. ವರದಿಯಲ್ಲಿ ಹಾಗೇ ಬರೆದಿದ್ದೇವೆ.

ಹೋದ ತಿಂಗಳು ಡಬ್ಬಿಯ ಕಾರ್ಖಾನೆಗೆ ಮತ್ತೆ ಹೋಗಿದ್ದೆ. ಹಾಜರಾತಿ ಪುಸ್ತಕ ಈಗ ಗಲೀಜಾಗಿದೆ. ಕಾಟು, ತಿದ್ದುಪಡಿ, ತಡವಾಗಿ ಬಂದವರ ಸಹಿ, ಒಂದು ಕಡೆ ಇಂಕಿನ ಹೆಬ್ಬೆರಳು. ಮೂರು ತಿಂಗಳಲ್ಲಿ ಎರಡು ಭಾನುವಾರ ಕೆಲಸ ನಡೆದಿದೆ. ದುಪ್ಪಟ್ಟು ಸಂಬಳ, ಬದಲಿ ರಜೆ ಎರಡೂ ಬರೆದಿದ್ದಾರೆ. ಒಂದು ಭಾನುವಾರ ಯಾಕೆ ಅಂತ ಕೇಳಿದೆ. ಮ್ಯಾನೇಜರ್ ನಗುತ್ತಾ ಕಂಪ್ಯೂಟರ್ ತಿರುಗಿಸಿದರು. ಮತ್ತೆ ನಮ್ಮ ಇಮೇಲೇ.