ಮೊದಲು ತಲೆ ಎಣಿಸಿ, ಆಮೇಲೆ ಕೋಟಿ ಹಂಚಿ

ತುಮಕೂರಿನಲ್ಲಿ ರಾಜ್ಯಶಾಸ್ತ್ರ ಓದುವ ಪದವಿ ವಿದ್ಯಾರ್ಥಿಗಳಿಗೆ ನಾನು ಮಾಡಿಸುವ ಲೆಕ್ಕ ಇದು. ಯುದ್ಧದಿಂದ ಊರು ಬಿಟ್ಟ 10,000 ಜನ, ನೆರವು ಕೊಡುವ ದೇಶದ ಕೈಯಲ್ಲಿ ಒಂದೇ ಗಂಟು. ಅದರಲ್ಲಿ ಆಯುಧಕ್ಕೆಷ್ಟು, ಅನ್ನಕ್ಕೆಷ್ಟು? ಸುಮ್ಮನೆ ಬಿಟ್ಟರೆ ಎಲ್ಲರೂ ‘ಅರವತ್ತು–ನಲವತ್ತು’ ಎಂದು ಶೇಕಡಾದಿಂದಲೇ ಶುರು ಮಾಡುತ್ತಾರೆ. ಎಡವುವುದು ಅಲ್ಲೇ. ಅನ್ನದ ಲೆಕ್ಕವನ್ನು ತಲೆ ಎಣಿಕೆಯಿಂದ ಕಟ್ಟಿಕೊಂಡು ಬರಬೇಕು.

ಹಾಗಾಗಿ ಮೊದಲು ತಕ್ಕಡಿ. ಸ್ಟೀಲ್ ತಟ್ಟೆಯಲ್ಲಿ 450 ಗ್ರಾಂ ಅಕ್ಕಿ, 60 ಗ್ರಾಂ ಬೇಳೆ, 25 ಗ್ರಾಂ ಎಣ್ಣೆ, 15 ಗ್ರಾಂ ಸಕ್ಕರೆ, 5 ಗ್ರಾಂ ಉಪ್ಪು. ಒಟ್ಟು 555 ಗ್ರಾಂ, ಸುಮಾರು 2,100 ಕಿಲೋ ಕ್ಯಾಲೊರಿ: ಪರಿಹಾರ ಶಿಬಿರಗಳಲ್ಲಿ ಒಬ್ಬರ ದಿನದ ಪಡಿಗೆ ಹಿಡಿಯುವ ಅಳತೆ ಇದೇ. 10,000 ಜನಕ್ಕೆ ದಿನಕ್ಕೆ ಐದೂವರೆ ಟನ್, ತಿಂಗಳಿಗೆ 166 ಟನ್ ದಾಟುತ್ತದೆ. ಹತ್ತು ಟನ್ನಿನ ಲಾರಿಯಾದರೆ 17 ಲೋಡು. ನೀರು ತಲೆಗೆ 15 ಲೀಟರ್, ಅಂದರೆ ದಿನಕ್ಕೆ 5,000 ಲೀಟರಿನ 30 ಟ್ಯಾಂಕರ್. ಬೇಸಿಗೆಯಲ್ಲಿ ಟ್ಯಾಂಕರಿಗೆ ಬಿಂದಿಗೆ ಸಾಲಿಟ್ಟ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 20 ಜನಕ್ಕೊಂದರಂತೆ 500 ಶೌಚಾಲಯ.

‘ಅಕ್ಕಿ ಯಾಕೆ ಸಾರ್, ರಾಗಿ ಕೊಡಬಹುದಲ್ಲ?’ ಎಂದು ಪ್ರತಿ ಸಲವೂ ಒಬ್ಬರು ಕೇಳುತ್ತಾರೆ. ಕೊಡಬಹುದು, ಹಿಟ್ಟಿನ ಗಿರಣಿ ಇದ್ದರೆ. ಇಡಿ ಕಾಳು ಕೊಟ್ಟ ಶಿಬಿರಗಳಲ್ಲಿ ಜನ ಬೀಸುವ ಕೂಲಿಗೆ ಪಡಿಯಲ್ಲೇ ಒಂದು ಪಾಲು ಮಾರಿಕೊಳ್ಳುತ್ತಾರೆ. ಆಗ ಕಾಗದದ ಮೇಲಿನ 2,100 ಹೊಟ್ಟೆಗೆ ಇಳಿಯುವುದಿಲ್ಲ.

ಎರಡನೇ ಹಂತ, ಸಾಗಣೆ. ಇಲ್ಲಿ ಹುಡುಗರು ತಕ್ಷಣ ‘ಸೇನೆ ಒಯ್ಯಲಿ’ ಅನ್ನುತ್ತಾರೆ. ಆಗ 1987ರ ಜೂನ್ 4 ತೆಗೆಯುತ್ತೇನೆ. ಭಾರತದ ಐದು ಎಎನ್-32 ಸಾಗಣೆ ವಿಮಾನಗಳು ಮಿರಾಜ್-2000 ಯುದ್ಧವಿಮಾನಗಳ ಬೆಂಗಾವಲಿನಲ್ಲಿ, ಶ್ರೀಲಂಕಾ ಸೇನೆ ಮುತ್ತಿದ್ದ ಜಾಫ್ನಾ ಮೇಲೆ ಸುಮಾರು 25 ಟನ್ ಸಾಮಾನು ಬೀಳಿಸಿದವು. ನಮ್ಮ ತಟ್ಟೆಯ ಲೆಕ್ಕದಲ್ಲಿ ಅದು 45,000 ಜನಕ್ಕೆ ಒಂದು ದಿನದ ಪಡಿ, ಅಷ್ಟೇ. ಕೊಲಂಬೊಗೆ ತಲುಪಿದ ಸಂದೇಶದ ತೂಕವೇ ಹೆಚ್ಚು. ಮುಂದಿನ ತಿಂಗಳೇ ಒಪ್ಪಂದವಾಗಿ ನಮ್ಮ ಸೇನೆಯೂ ಅಲ್ಲಿಗೆ ಹೋಯಿತು. ಮಿಲಿಟರಿ ವಿಮಾನ, ಲಾರಿ ಬಳಸುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ ಎಂದು ವಿಶ್ವಸಂಸ್ಥೆಯ ಮಾರ್ಗಸೂಚಿ ಹೇಳುವುದು ಇದಕ್ಕೇ. ಬೆಂಗಾವಲು ಕಂಡ ಎದುರು ಪಕ್ಷಕ್ಕೆ ಅಕ್ಕಿ ಲಾರಿಯೂ ಗುರಿಯಾಗುತ್ತದೆ.

ಬಣ್ಣ ಕೂಡ ಕೆಡಿಸುತ್ತದೆ. 2001ರಲ್ಲಿ ಅಫ್ಘಾನಿಸ್ತಾನದ ಮೇಲೆ ಅಮೆರಿಕ ಬೀಳಿಸಿದ ಊಟದ ಪೊಟ್ಟಣ ಹಳದಿ. ಅದೇ ವಿಮಾನಪಡೆ ಹಾಕಿದ ಕ್ಲಸ್ಟರ್ ಬಾಂಬಿನಿಂದ ಚದುರಿ, ಸಿಡಿಯದೆ ಬಿದ್ದಿದ್ದ ಮರಿಬಾಂಬುಗಳೂ ಹಳದಿ. ಮಕ್ಕಳು ಯಾವುದನ್ನು ಎತ್ತಿಕೊಳ್ಳಬೇಕು? ರೇಡಿಯೊದಲ್ಲಿ ಎಚ್ಚರಿಕೆ ಕೊಟ್ಟರು, ಆಮೇಲೆ ಪೊಟ್ಟಣದ ಬಣ್ಣ ಬದಲಿಸಿದರು.

ಹಂಚಿಕೆ ಮುಖಂಡರ ಕೈಗೆ ಹೋಗಬಾರದು. 1994ರಲ್ಲಿ ಕಾಂಗೋದ (ಆಗಿನ ಜೈರ್) ಗೋಮಾ ಶಿಬಿರಗಳಲ್ಲಿ, ನರಮೇಧದ ನಂತರ ಓಡಿಬಂದ ರುವಾಂಡದ ಹಳೇ ಸೈನಿಕರು, ಅಧಿಕಾರಿಗಳು ಪಡಿಯನ್ನು ಹಿಡಿತಕ್ಕೆ ತೆಗೆದುಕೊಂಡು ಅದರಿಂದಲೇ ಪಡೆ ಕಟ್ಟಿದರು. ಕೊಟ್ಟದ್ದು ಅನ್ನ, ಆದದ್ದು ಸೈನಿಕ ನೆರವು. ಕುಟುಂಬವಾರು ಕಾರ್ಡ್ ಮಾಡಿ, ಮನೆಯ ಹೆಂಗಸಿನ ಕೈಗೇ ತೂಗಿ ಕೊಡುವುದು ಸರಿ. ಉದ್ದ ಸಾಲು ನಿಲ್ಲುತ್ತದೆ, ನಿಲ್ಲಲಿ.

ಇಷ್ಟಾದ ಮೇಲೆ ಖಾತೆ. ಅನ್ನಕ್ಕೊಂದು, ಆಯುಧಕ್ಕೊಂದು, ಎರಡು ಪುಸ್ತಕ; ಒಂದರಿಂದ ಇನ್ನೊಂದಕ್ಕೆ ವರ್ಗಾವಣೆ ಇಲ್ಲ. ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಲೆಕ್ಕದಲ್ಲೂ ಆಯುಧದ ನೆರವು ಅಭಿವೃದ್ಧಿ ನೆರವೆಂದು ಎಣಿಕೆಯಾಗುವುದಿಲ್ಲ. ಮೂರು ತಿಂಗಳ ಪಡಿ, ನೀರು, ಔಷಧದ ಹಣ ಮೊದಲು ಎತ್ತಿಡಬೇಕು. 2024ರ ಏಪ್ರಿಲ್‌ನಲ್ಲಿ ಉಕ್ರೇನ್, ಇಸ್ರೇಲ್ ಮೊದಲಾದವಕ್ಕೆಂದು ಅಮೆರಿಕ ಒಪ್ಪಿದ ಸುಮಾರು 95 ಶತಕೋಟಿ ಡಾಲರಿನಲ್ಲಿ ಮಾನವೀಯ ನೆರವು ಸುಮಾರು 9 ಶತಕೋಟಿ. ಹತ್ತಕ್ಕೆ ಒಂದು. ಇದು ಕಡಿಮೆಯೋ ಸಾಕೋ ಎಂದು ಶೇಕಡಾ ನೋಡಿ ಹೇಳಲಾಗದು. ಎಷ್ಟು ತಟ್ಟೆ ತುಂಬಿತು ಎಂದು ನೋಡಬೇಕು.

ಸೈನಿಕ ಪುಸ್ತಕದಲ್ಲಿ ನಾನು ಮೊದಲು ಬರೆಸುವುದು ಊರು ಕಾಯುವ ವಾಯುರಕ್ಷಣೆ. ಲೆಕ್ಕದಲ್ಲಿ ಪ್ರತಿ ತಿಂಗಳು ಶಿಬಿರದ ತಲೆ ಮತ್ತೆ ಎಣಿಸುತ್ತೇವೆ. 10,000 ಇದ್ದದ್ದು 14,000 ಆಗಿದ್ದರೆ, ಆಯುಧದ ಪುಸ್ತಕ ಬರೆದ ವಿದ್ಯಾರ್ಥಿಗಳ ಗುಂಪು ಎದ್ದು ನಿಂತು, ಊರು ಕಾಯಲು ಕೊಟ್ಟ ಆಯುಧ ಇದ್ದೂ ಇನ್ನಷ್ಟು ಜನ ಊರು ಬಿಟ್ಟದ್ದೇಕೆ ಎಂದು ಕಾರಣ ಹೇಳಬೇಕು.