ಹಳ್ಳಿ ಗಸ್ತಿನಲ್ಲಿ ನಾನು ಕೆಲಸ ಮಾಡಿದ ರೀತಿ: ಕುಂದಗೋಳ ಭಾಗದ ಅನುಭವ

ರಾಜ್ಯದಲ್ಲಿ 2017ರಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಜಾರಿಗೆ ಬಂದ ಮೇಲೆ ಕುಂದಗೋಳ ತಾಲೂಕಿನ ಕೆಲವು ಎರೆಭೂಮಿಯ ಹಳ್ಳಿಗಳು ನನ್ನ ಪಾಲಿಗೆ ಬಂದವು. ಅದಕ್ಕೂ ಮೊದಲು, ಆ ದಿನ ಠಾಣೆಯಲ್ಲಿ ಯಾರು ಕೈಗೆ ಸಿಗುತ್ತಾರೋ ಅವರನ್ನು ಹಳ್ಳಿಗೆ ಕಳಿಸುವ ರೂಢಿಯಿತ್ತು. ಹೊಸ ವ್ಯವಸ್ಥೆಯಲ್ಲಿ ಠಾಣೆಯ ಸರಹದ್ದನ್ನು ಗಸ್ತುಗಳಾಗಿ ಹಂಚಿ, ಒಂದೊಂದನ್ನು ಒಬ್ಬೊಬ್ಬ ಸಿಬ್ಬಂದಿಗೆ ವಹಿಸಿ, ಅಲ್ಲಿನ ನಾಗರಿಕರ ಸಮಿತಿಯನ್ನೂ ರಚಿಸಿದರು. ನಿವೃತ್ತಿಯವರೆಗೂ ಅದೇ ಹಳ್ಳಿಗಳಲ್ಲಿ ತಿರುಗಿದ ನನಗೆ ಮನದಟ್ಟಾದದ್ದು ಇಷ್ಟು: ರಾತ್ರಿ ಜೀಪಿನ ಸೈರನ್ನಿಗೆ ಹೆದರಿ ಕಳ್ಳತನ ಬಿಡುವವರು ಕಡಿಮೆ, ಊರಿನ ಸಣ್ಣ ಸುದ್ದಿ ಪೊಲೀಸರ ಕಿವಿಗೆ ಬೇಗ ಮುಟ್ಟುತ್ತದೆ ಎಂಬುದು ಗೊತ್ತಾದ ಮೇಲೆ ಬಿಡುವವರೇ ಹೆಚ್ಚು.

ನಾನು ಮೊದಲು ಮಾಡಿಕೊಂಡದ್ದು ಅಪರಾಧದ ಪಂಚಾಂಗ. ನಮ್ಮ ಭಾಗದ ಕಳ್ಳತನ ಬೆಳೆಯ ಬೆನ್ನು ಹಿಡಿದೇ ಬರುತ್ತದೆ. ಸಂಕ್ರಾಂತಿಯಿಂದ ಹೋಳಿಯವರೆಗೆ ಮೆಣಸಿನಕಾಯಿ ಕಣದಲ್ಲಿ ಒಣಗುತ್ತಿರುತ್ತದೆ. ಒಳ್ಳೆಯ ವರ್ಷ ಕ್ವಿಂಟಲಿಗೆ ಹತ್ತಾರು ಸಾವಿರ ರೂಪಾಯಿ ಬಾಳುವ ಮಾಲು ಬಯಲಲ್ಲಿ ಬಿದ್ದಿರುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಬ್ಯಾಡಗಿ ಪೇಟೆಯ ದೊಡ್ಡ ವಹಿವಾಟು ಸೋಮವಾರ ಮತ್ತು ಗುರುವಾರ ನಡೆಯುವುದರಿಂದ, ಅದರ ಹಿಂದಿನ ರಾತ್ರಿಗಳಲ್ಲಿ ಚೀಲ ತುಂಬಿ ಹೊಲಿದು ಒಟ್ಟಿರುತ್ತಾರೆ. ಹರವಿದ ಕಾಯಿಯನ್ನು ಬಾಚಿ ತುಂಬಲು ಕಳ್ಳನಿಗೆ ಸಮಯ ಬೇಕು, ಹೊಲಿದಿಟ್ಟ ಚೀಲವನ್ನು ಎತ್ತಲು ನಿಮಿಷ ಸಾಕು. ಹೀಗಾಗಿ ವಾರವಿಡೀ ಒಂದೇ ಬಗೆಯಲ್ಲಿ ಸುತ್ತುವುದನ್ನು ಬಿಟ್ಟು ಭಾನುವಾರ ಮತ್ತು ಬುಧವಾರದ ರಾತ್ರಿ ಕಣದ ದಾರಿಗಳಿಗೇ ಹೆಚ್ಚು ಹೊತ್ತು ಕೊಟ್ಟೆ. ಮಳೆ ಕೈಕೊಟ್ಟ ವರ್ಷ ಕೃಷಿ ಹೊಂಡದ ಮೇಲಿಟ್ಟ ಡೀಸೆಲ್ ಎಂಜಿನ್, ಕೊಳವೆಬಾವಿಯ ಕೇಬಲ್ ಮತ್ತು ಸ್ಟಾರ್ಟರ್‌ಗಳ ಸರದಿ. ಬೇಸಿಗೆಯಲ್ಲಿ ಸೆಕೆ ತಾಳದೆ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುತ್ತಾರೆ, ಕೆಳಗಿನ ಬಾಗಿಲಿಗೆ ಬರೀ ಚಿಲಕ ಹಾಕಿರುತ್ತಾರೆ. ಟ್ರಂಕಿನಲ್ಲಿಟ್ಟ ಬಂಗಾರ ಹೋದದ್ದು ಬೆಳಿಗ್ಗೆ ಎದ್ದ ಮೇಲೆಯೇ ತಿಳಿಯುತ್ತದೆ. ಯುಗಾದಿಯ ಹೊತ್ತಿಗೆ ಮನೆಮನೆಗೂ ಹೋಗಿ ಒಳಗಿನಿಂದ ಒಬ್ಬರಾದರೂ ಅಗುಳಿ ಹಾಕಿಕೊಂಡು ಮಲಗಿರೆಂದು ಹೇಳುತ್ತಿದ್ದೆ. ಇಂಥ ಮಾತಿಗೆ ಕರಪತ್ರ ಹಂಚುವುದರಿಂದ ಪ್ರಯೋಜನವಿಲ್ಲ.

ಪಂಚಾಂಗದ ನಂತರದ ಪ್ರಶ್ನೆ, ರಾತ್ರಿ ಎಚ್ಚರವಿರುವವರು ಯಾರು ಎಂಬುದು. ನಾಗರಿಕ ಸಮಿತಿಯ ಪಟ್ಟಿಯಲ್ಲಿ ಪಂಚಾಯಿತಿ ಸದಸ್ಯರು, ಮಾಜಿ ಸದಸ್ಯರು ಮತ್ತು ಅಂಗಡಿಯವರ ಹೆಸರುಗಳೇ ತುಂಬಿದ್ದವು. ಅವರೆಲ್ಲ ಹತ್ತಕ್ಕೆ ಮಲಗುವವರು. ಕಣ ಕಾಯುವ ಮುದುಕರು, ಹೊಲದಲ್ಲಿ ಕುರಿ ತರುಬಿದ ಕುರಿಗಾಹಿಗಳು, ರಾತ್ರಿ ವಸ್ತಿ ಬಸ್ಸಿನ ಚಾಲಕ ಮತ್ತು ನಿರ್ವಾಹಕರು, ನಸುಕಿನಲ್ಲಿ ಹಾಲು ಒಯ್ಯುವವರು ಪಟ್ಟಿಯಲ್ಲಿ ಇರಲಿಲ್ಲ. ಅವರ ಫೋನ್ ನಂಬರುಗಳನ್ನು ಬರೆದುಕೊಂಡು, ಏನೂ ಕೆಲಸವಿಲ್ಲದಾಗಲೂ ಮಾತಾಡಿಸುತ್ತಿದ್ದೆ. ಒಮ್ಮೆ ಒಬ್ಬ ಕುರಿಗಾಹಿ ಸಹಜವಾಗಿ, “ಸಾಹೇಬ್ರ, ನಿನ್ನೆ ರಾತ್ರಿ ಹಳ್ಳದ ದಾರ್ಯಾಗ ಒಂದು ಟಂಟಂ ಲೈಟ್ ಆರಿಸಿ ನಿಂತಿತ್ರೀ” ಎಂದ. ಎರಡು ಊರಿನ ಎಂಜಿನ್ ಕಳುವಿನ ಜಾಡು ಹತ್ತಿದ್ದು ಆ ಒಂದು ಮಾತಿನಿಂದ. ಕೇಬಲ್ಲನ್ನು ಸುಟ್ಟು ತಾಮ್ರ ತೆಗೆಯುವವರು ಅದನ್ನು ಊರಲ್ಲಿ ಇಟ್ಟುಕೊಳ್ಳುವುದಿಲ್ಲ, ಗುಜರಿಗೆ ಹಾಕಲೇಬೇಕು. ಆದ್ದರಿಂದ ಸುತ್ತಲಿನ ಗುಜರಿ ವ್ಯಾಪಾರಿಗಳಿಗೆ, ಸುಟ್ಟ ತಾಮ್ರ ತಂದವರ ಹೆಸರು, ಗಾಡಿ ನಂಬರು ಬರೆದಿಡುವ ವಹಿಯೊಂದನ್ನು ಇಡಿಸಿದ್ದೆ. ಕೊಳ್ಳುವವನು ಕೇಳಲು ಶುರುಮಾಡಿದರೆ ಕದಿಯುವವನ ಉತ್ಸಾಹ ತಾನಾಗಿ ಇಳಿಯುತ್ತದೆ.

ಪ್ರತಿ ವಾರ ಒಂದೇ ದಿನ, ಒಂದೇ ಹೊತ್ತಿಗೆ ಪ್ರತಿ ಊರಿನ ಕಟ್ಟೆಯ ಮೇಲೆ ಕೂಡುವ ನೇಮ ಇಟ್ಟುಕೊಂಡಿದ್ದೆ. ಗಸ್ತು ಯಾವಾಗ ಬರುತ್ತದೆಂದು ತಿಳಿಯಬಾರದು ಎಂಬುದು ನಮ್ಮಲ್ಲಿ ಹಳೆಯ ಪಾಠ. ಅದು ರಾತ್ರಿಗೆ ಸರಿ, ಹಗಲಿಗೆ ಸರಿಯಲ್ಲ. ಠಾಣೆಯ ಮೆಟ್ಟಿಲು ಹತ್ತುವುದೇ ಅಪಮಾನವೆಂದು ತಿಳಿದ ಜನ, ಪೊಲೀಸಪ್ಪ ಕಟ್ಟೆಗೆ ಬಂದೇ ಬರುತ್ತಾನೆಂದು ಗೊತ್ತಾದರೆ ಕಾದಿದ್ದು ಹೇಳುತ್ತಾರೆ. ಆದರೆ ಕಟ್ಟೆ ಗಂಡಸರದ್ದು. ಹೆಣ್ಣುಮಕ್ಕಳ ಮಾತು ಕೇಳಬೇಕಾದರೆ ಸ್ವಸಹಾಯ ಸಂಘದ ಸಭೆಗೆ ಹೋಗಬೇಕು, ಸಾಧ್ಯವಾದರೆ ಮಹಿಳಾ ಸಿಬ್ಬಂದಿಯನ್ನು ಕರೆದುಕೊಂಡೇ ಹೋಗಬೇಕು. ಕಿರಾಣಿ ಅಂಗಡಿಯಲ್ಲಿ ಸಾರಾಯಿ ಪೌಚ್ ಮಾರುವವರ ಹೆಸರು, ಮಟಕಾ ಚೀಟಿ ಬರೆಯುವವನ ಜಾಗ, ಕುಡಿದು ಬಂದು ಹೊಡೆಯುವ ಗಂಡಂದಿರ ಸುದ್ದಿ ನನಗೆ ಸಿಕ್ಕಿದ್ದು ಅಲ್ಲಿಯೇ. ಒಂದು ಎಚ್ಚರಿಕೆ ಮಾತ್ರ ಬೇಕು: ಸುದ್ದಿ ಕೊಟ್ಟವಳ ಮನೆಗೆ ಮರುದಿನವೇ ಹೋಗಿ ನಿಲ್ಲಬಾರದು, ಹಾಗೆ ಮಾಡಿದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಸಣ್ಣ ಕಳುವನ್ನು ಬರೆದಿಟ್ಟುಕೊಳ್ಳುವ ವಿಷಯದಲ್ಲಿ ನಾನು ಹಟಮಾರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದವನು ಅದನ್ನು ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆಯಾಗುತ್ತದೆ. ಇಂಥ ಪ್ರಕರಣ ಅಸಂಜ್ಞೇಯವಾದ್ದರಿಂದ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಕಾನೂನಿನ ಉದ್ದೇಶ ಒಳ್ಳೆಯದೇ. ಆದರೆ ಹಳ್ಳಿಯ ಬಹುಪಾಲು ಕಳುವು, ಅಂದರೆ ಕೋಳಿ, ಟ್ರ್ಯಾಕ್ಟರಿನ ಹಳೆ ಬ್ಯಾಟರಿ, ಒಂದು ಸುರುಳಿ ವೈರು, ಈ ಮಿತಿಯೊಳಗೇ ಬೀಳುತ್ತದೆ. ಆದ್ದರಿಂದ ದೂರು ಯಾವ ವರ್ಗಕ್ಕೆ ಸೇರಿದರೂ ದಿನ, ಹೊತ್ತು, ಹೊಲದ ದಾರಿ, ಹೋದ ವಸ್ತು ಇಷ್ಟನ್ನು ನನ್ನ ಗಸ್ತು ಪುಸ್ತಕದಲ್ಲಿ ಬರೆಯುತ್ತಿದ್ದೆ. ಬಿಡಿಬಿಡಿಯಾಗಿ ನೋಡಿದರೆ ಅವು ಏನೂ ಅಲ್ಲ. ನಾಲ್ಕು ತಿಂಗಳದ್ದನ್ನು ಒಟ್ಟಿಗೆ ಓದಿದರೆ ಒಂದೇ ದಾರಿ, ಒಂದೇ ಹೊತ್ತು ಎದ್ದು ಕಾಣುತ್ತದೆ.

ನಮ್ಮ ಭಾಗದಲ್ಲಿ ಹೊಡೆದಾಟಕ್ಕೆ ಕಾರಣ ಬಹುತೇಕ ಬದು, ಇಲ್ಲವೆ ಹೊಲಕ್ಕೆ ಹೋಗುವ ದಾರಿ. ಬಿತ್ತುವ ಮುನ್ನ ಬಾಯಿಮಾತು, ಎಡೆ ಹೊಡೆಯುವಾಗ ಕೈಕೈ ಮಿಲಾಯಿಸುವುದು, ಸುಗ್ಗಿ ಮುಗಿದ ಮೇಲೆ ರಾತ್ರೋರಾತ್ರಿ ಯಾರದೋ ಬಣವೆಗೆ ಬೆಂಕಿ. ಬಣವೆ ಸುಟ್ಟ ಮೇಲೆ ಸಾಕ್ಷಿ ಸಿಗುವುದಿಲ್ಲ, ಎತ್ತುಗಳಿಗೆ ಮೇವೂ ಇರುವುದಿಲ್ಲ. ಹೀಗಾಗಿ ರೋಹಿಣಿ ಮಳೆಗೆ ಮೊದಲೇ ಜಗಳದ ಬದುಗಳ ಪಟ್ಟಿ ಮಾಡಿ, ಭೂಮಾಪಕರಿಂದ ಅಳತೆ ಮಾಡಿಸಿಕೊಳ್ಳಲು ಇಬ್ಬರಿಗೂ ಹೇಳುತ್ತಿದ್ದೆ. ಕೇಳದವರ ಮೇಲೆ ಪಿಎಸ್‌ಐ ಅವರ ಮೂಲಕ ತಹಶೀಲ್ದಾರರಿಗೆ ವರದಿ ಹೋಗುತ್ತಿತ್ತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 107, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಿನಡಿ ಒಂದು ವರ್ಷದವರೆಗೆ ಶಾಂತಿಯಿಂದಿರುವ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಇದನ್ನು ಎರಡೂ ಕಡೆಯವರ ಮೇಲೆ ಕಣ್ಣುಮುಚ್ಚಿ ಹಾಕುವ ಪದ್ಧತಿ ನನಗೆ ಒಪ್ಪಿಗೆಯಿರಲಿಲ್ಲ, ತಪ್ಪಿಲ್ಲದವನು ಕಚೇರಿಗೆ ಅಲೆದಾಡಿ ಮತ್ತಷ್ಟು ಕುದಿಯುತ್ತಾನೆ.

ಊರ ಯುವಕರನ್ನು ಕಾವಲಿಗೆ ಹಚ್ಚುವುದು ಹೊಸದಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡುವವರೆಗೆ ತಳವಾರರು, ವಾಲೀಕಾರರು ಈ ಕೆಲಸ ಮಾಡುತ್ತಿದ್ದರು. 1964ರಲ್ಲಿ ಗ್ರಾಮ ರಕ್ಷಣಾ ದಳದ ಕಾಯ್ದೆ ಬಂತು. ಆದರೆ ಕಾವಲಿನ ಹುಡುಗರಿಗೆ ನೋಡುವ ಕೆಲಸ ಕೊಡಬೇಕೇ ಹೊರತು ಹಿಡಿದು ಬಡಿಯುವ ಕೆಲಸ ಕೊಡಬಾರದು. 2018ರಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಗುಂಪೊಂದು ಯುವಕನನ್ನು ಕೊಂದಿತು. ಅದೇ ದಿನಗಳಲ್ಲಿ ನನ್ನ ಹಳ್ಳಿಗಳಲ್ಲೂ ಚಾಪೆ ಮಾರುವವರನ್ನು, ಭಿಕ್ಷೆಗೆ ಬಂದವರನ್ನು ತಡೆದು ನಿಲ್ಲಿಸುತ್ತಿದ್ದರು. ಅನುಮಾನ ಬಂದರೆ ಗಾಡಿ ನಂಬರು ಬರೆದುಕೊಳ್ಳಿ, ನನಗೆ ಇಲ್ಲವೆ ತುರ್ತು ಸಂಖ್ಯೆಗೆ ಫೋನ್ ಮಾಡಿ, ಮೈಮುಟ್ಟಿದರೆ ಮೊದಲ ಕೇಸು ನಿಮ್ಮ ಮೇಲೆಯೇ ಎಂದು ಖಡಾಖಂಡಿತವಾಗಿ ಹೇಳಿದ್ದೆ. ಈಗ ಆ ತುರ್ತು ಸಂಖ್ಯೆ 112.

ಕೊನೆಯ ವರ್ಷಗಳಲ್ಲಿ ಕಳ್ಳರು ದಾರಿಯಿಂದಲ್ಲ, ಫೋನಿನಿಂದ ಬರತೊಡಗಿದರು. ಪಿಎಂ ಕಿಸಾನ್ ಹಣದ ಹೆಸರಿನಲ್ಲಿ ಬಂದ ಎಪಿಕೆ ಕಡತವನ್ನು, ಅಂದರೆ ಫೋನಿಗೆ ಆ್ಯಪ್ ಹಾಕುವ ಕಡತವನ್ನು ಒತ್ತಿದ ಕೂಡಲೇ ಖಾತೆ ಖಾಲಿಯಾದ ರೈತರಿದ್ದಾರೆ. ಅಂಥವರು ಠಾಣೆಗೆ ಬರುವ ಮೊದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡಮಾಡದಿದ್ದರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಈ ಸಂಖ್ಯೆಯನ್ನು ಹಿಟ್ಟಿನ ಗಿರಣಿಗಳ ಗೋಡೆಗೆ ಬರೆಸಿದೆ, ಸರದಿ ಕಾಯುತ್ತ ನಿಂತವರು ಓದಲೇಬೇಕಾದ ಜಾಗ ಅದು.

ನನ್ನ ಜಾಗಕ್ಕೆ ಬಂದ ಹುಡುಗನಿಗೆ ಗಸ್ತು ಪುಸ್ತಕದ ಜೊತೆಗೆ ಬೇರೊಂದು ವಹಿಯನ್ನೂ ಕೊಟ್ಟೆ. ಯಾವ ಬದು ಇನ್ನೂ ಅಳತೆಯಾಗಿಲ್ಲ, ಯಾವ ಊರಿನಲ್ಲಿ ವಸ್ತಿ ಬಸ್ಸು ನಿಲ್ಲುತ್ತದೆ, ಯಾರಿಗೆ ರಾತ್ರಿ ಹನ್ನೊಂದರ ಮೇಲೂ ಫೋನ್ ಮಾಡಬಹುದು ಎಂಬುದು ಅದರಲ್ಲಿದೆ. ಸುದ್ದಿ ಕೊಟ್ಟವರ ಹೆಸರುಗಳು ಮಾತ್ರ ಅದರಲ್ಲಿಲ್ಲ. ಅವರನ್ನು ಒಬ್ಬೊಬ್ಬರನ್ನಾಗಿ ಕೇಳಿ, ಒಪ್ಪಿದವರ ಮನೆಗೆ ಮಾತ್ರ ಅವನನ್ನು ಕರೆದುಕೊಂಡು ಹೋಗಿ ಪರಿಚಯಿಸಿದೆ.