ಊರ ಗ್ರಂಥಾಲಯದಲ್ಲೊಂದು ಸಂಜೆ: ಯುವಕರ ಬಳಗ ಸಜ್ಜಾಗುವುದು ಹೇಗೆ?

ರಾಜ್ಯದಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಈಗ ಹಲವು ಕಡೆ ಅವುಗಳ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂಬ ಹೆಸರಿದೆ. ಪತ್ರಿಕೆ ಓದಲು ಬರುವ ನಾಲ್ಕಾರು ಹಿರಿಯರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಇಬ್ಬರು ಮೂವರು, ಶಾಲೆ ಬಿಟ್ಟ ಮೇಲೆ ಓಡಿಬರುವ ಮಕ್ಕಳು: ಇವರನ್ನು ಬಿಟ್ಟರೆ ಊರಿನ ಹೆಚ್ಚಿನವರು ಆ ಹೊಸ್ತಿಲು ದಾಟಿರುವುದಿಲ್ಲ. ಅವರನ್ನು ಒಳಗೆ ಕರೆತರಲು ಹಾಡು, ಕಥೆ, ಕಾವ್ಯವನ್ನು ರಾಗವಾಗಿ ಓದುವ ಗಮಕ, ವೇಷವಿಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಗಿಂತ ಒಳ್ಳೆಯ ದಾರಿಯಿಲ್ಲ. ಆದರೆ ಕಾರ್ಯಕ್ರಮ ಮುಗಿದು ಜನ ಎದ್ದು ಹೋಗುವಾಗ ಒಬ್ಬರ ಕೈಯಲ್ಲೂ ಪುಸ್ತಕ ಇಲ್ಲದಿದ್ದರೆ, ಅದನ್ನು ಶಾಲೆಯ ಮೈದಾನದಲ್ಲೋ ದೇವಸ್ಥಾನದ ಅಂಗಳದಲ್ಲೋ ಮಾಡಬಹುದಿತ್ತು. ಆದ್ದರಿಂದ ಮುಂದೆ ಹೇಳುವ ಪ್ರತಿ ತಯಾರಿಯೂ ಕಪಾಟಿನ ಕಡೆಗೆ ಮುಖ ಮಾಡಿರಬೇಕು.

ಬಳಗ ಮತ್ತು ಅನುಮತಿ

ಎಂಟು ಹತ್ತು ಮಂದಿ ಸಾಕು. ಸಂಘ ನೋಂದಣಿ ಮಾಡಿಸಲೇಬೇಕೆಂದಿಲ್ಲ. ಮುಂದೆ ದೇಣಿಗೆ ಪಡೆಯುವ, ಬ್ಯಾಂಕ್ ಖಾತೆ ತೆರೆಯುವ ಯೋಚನೆ ಇದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಸದಸ್ಯರೊಂದಿಗೆ ಮಾಡಿಸಬಹುದು. ಮೊದಲ ವರ್ಷ ಒಂದು ಲೆಕ್ಕದ ಪುಸ್ತಕ, ಇಬ್ಬರ ಸಹಿ ಇದ್ದರೆ ಆಯಿತು. ಕೆಲಸ ಹಂಚುವಾಗ ಒಬ್ಬರನ್ನು ಪುಸ್ತಕಗಳಿಗಷ್ಟೇ ಮೀಸಲಿಡಿ. ಆ ದಿನ ಅವರಿಗೆ ಕುರ್ಚಿ, ತಿಂಡಿ, ಮೈಕು ಯಾವುದನ್ನೂ ಹಚ್ಚಬೇಡಿ.

ಮೊದಲು ಮಾತಾಡಬೇಕಾದದ್ದು ಗ್ರಂಥಾಲಯ ಮೇಲ್ವಿಚಾರಕರ ಜೊತೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಒಪ್ಪಿಗೆ ಕೊಟ್ಟ ಮೇಲೆ ಮೇಲ್ವಿಚಾರಕರಿಗೆ ಸುದ್ದಿ ಮುಟ್ಟಿದರೆ ಅವರ ಮನಸ್ಸಿಗೆ ನೋವಾಗುತ್ತದೆ, ಅದು ನ್ಯಾಯವೂ ಹೌದು. ಸಂಜೆ ಬಾಗಿಲು ಹಾಕುವವರು, ಮಾರನೆಯ ದಿನ ಕಳೆದ ಪುಸ್ತಕಕ್ಕೆ ಉತ್ತರ ಕೊಡಬೇಕಾದವರು ಅವರೇ. ಆಮೇಲೆ ಪಿಡಿಒ ಅವರಿಗೆ 15 ದಿನ ಮುಂಚೆ ಒಂದು ಪುಟದ ಅರ್ಜಿ ಕೊಡಿ. ದಿನಾಂಕ, ಆರಂಭ ಮತ್ತು ಮುಕ್ತಾಯದ ಸಮಯ, ಎಷ್ಟು ಜನ, ಮೈಕು ಉಂಟೋ ಇಲ್ಲವೋ, ಸ್ವಚ್ಛತೆ ಯಾರ ಹೊಣೆ ಎಂಬುದು ಅದರಲ್ಲಿರಲಿ. 2019ರಿಂದ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿರುವುದರಿಂದ ಜಿಲ್ಲಾ ಕೇಂದ್ರ ಗ್ರಂಥಾಲಯದ ತನಕ ಅಲೆಯುವ ಅಗತ್ಯ ಸಾಮಾನ್ಯವಾಗಿ ಬೀಳದು. ನಕಲಿಗೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಇಟ್ಟುಕೊಳ್ಳಿ.

ಮೈಕಿನ ಕಾನೂನು ತಿಳಿದಿರಲಿ. ಮುಚ್ಚಿದ ಸಭಾಂಗಣದೊಳಗೆ, ಒಳಗಿನವರಿಗಷ್ಟೇ ಕೇಳುವಂತೆ ಹಾಕುವುದಾದರೂ ಧ್ವನಿವರ್ಧಕದ ಅನುಮತಿ ಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಅಂಗಳದಲ್ಲಿ ಹಾಕುವುದಾದರೆ ಲಿಖಿತ ಅನುಮತಿ ಬೇಕು, ಠಾಣೆಯಲ್ಲಿ ವಿಚಾರಿಸಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕುವಂತಿಲ್ಲ.

ದಿನ, ಹೊತ್ತು

ಜನ ಬರದಿರಲು ಮುಖ್ಯ ಕಾರಣ ತಪ್ಪು ಹೊತ್ತು. ಸಂಜೆ ಡೇರಿಗೆ ಹಾಲು ಹಾಕುವ ಸಮಯಕ್ಕೆ ಕಾರ್ಯಕ್ರಮ ಇಟ್ಟರೆ ಹೆಂಗಸರು ಒಬ್ಬರೂ ಬರುವುದಿಲ್ಲ. ಹಾಲಿನ ಹೊತ್ತು ಮುಗಿದು ಅರ್ಧ ಗಂಟೆ ಬಿಟ್ಟು ಶುರು ಮಾಡಿ, ಒಂದೂವರೆ ಗಂಟೆಯಲ್ಲಿ ಮುಗಿಸಿ. ಸಂತೆಯ ದಿನ, ಊರಹಬ್ಬದ ವಾರ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಿಂಗಳು, ಸುಗ್ಗಿ: ಇವನ್ನು ಬಿಡಿ. ಆಷಾಢ ಒಳ್ಳೆಯ ಕಾಲ. ಮದುವೆಗಳಿಲ್ಲ, ಜಮಖಾನ, ಕುರ್ಚಿ ಕೇಳಿದ ತಕ್ಷಣ ಸಿಗುತ್ತವೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲಕ್ಕೆ ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತದೆ, ತಾಳಮದ್ದಳೆಗೆ ಕಲಾವಿದರು ಸಿಗುವುದು ಆಗಲೇ. ವರ್ಷಕ್ಕೊಂದು ದೊಡ್ಡ ಕಾರ್ಯಕ್ರಮ ಬೇಕೆಂದರೆ ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹವೋ, ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ನೆನಪಿನಲ್ಲಿ ಆಚರಿಸುವ ಆಗಸ್ಟ್ 12ರ ಗ್ರಂಥಪಾಲಕರ ದಿನವೋ ಹೊಂದುತ್ತದೆ. ಗ್ರಂಥಪಾಲಕರ ದಿನದಂದು ನಿಮ್ಮ ಊರಿನ ಮೇಲ್ವಿಚಾರಕರನ್ನೇ ಮುಂದೆ ಕೂರಿಸಿ. ಎಷ್ಟೋ ವರ್ಷ ಒಬ್ಬರೇ ಬೀಗ ತೆಗೆದು, ಗುಡಿಸಿ, ಪತ್ರಿಕೆ ಜೋಡಿಸಿಟ್ಟವರು ಅವರು.

ಜಾಗದ ಲೆಕ್ಕ

20 ಅಡಿ ಉದ್ದ, 15 ಅಡಿ ಅಗಲದ ಕೋಣೆ ಎಂದರೆ 300 ಚದರಡಿ. ಕಪಾಟು, ಮೇಜು, ಕಂಪ್ಯೂಟರ್ ಮೂಲೆಗೆ 80, ಕಲಾವಿದರಿಗೆ 30 ಕಳೆದರೆ ಉಳಿಯುವುದು 190. ನೆಲದಲ್ಲಿ ಕೂರುವ ಒಬ್ಬರಿಗೆ 5 ಚದರಡಿ ಬೇಕು. ಅಂದರೆ 35ರಿಂದ 38 ಮಂದಿ. ಕುರ್ಚಿ ಹಾಕಿದರೆ 25ರ ಮೇಲೆ ಹಿಡಿಸದು. 6×9 ಅಡಿಯ ಮೂರು ಜಮಖಾನ ಹಾಸಿ, ಮಂಡಿನೋವಿನ ಹಿರಿಯರಿಗೆ ಗೋಡೆಯ ಪಕ್ಕ ಆರು ಕುರ್ಚಿ ಇಡಿ. ಇನ್ನೂ ಹತ್ತು ಹನ್ನೆರಡು ಜನ ಜಗಲಿಯಲ್ಲಿ ನಿಂತು ಕೇಳುತ್ತಾರೆ, ಕಿಟಕಿ ತೆರೆದಿರಲಿ.

ಕಪಾಟು ಸರಿಸುವುದನ್ನು ಆದಷ್ಟೂ ತಪ್ಪಿಸಿ. ಸರಿಸಲೇಬೇಕಾದರೆ ಮೊದಲು ಪ್ರತಿ ಅಂತಸ್ತಿನ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಪುಸ್ತಕದ ಬೆನ್ನಿನ ಅಕ್ಷರ ಓದಲು ಬರುವಷ್ಟು ಹತ್ತಿರದಿಂದ. ಅಂತಸ್ತಿಗೊಂದರಂತೆ ಸೆಣಬಿನ ಹುರಿಯಲ್ಲಿ ಸಡಿಲವಾಗಿ ಕಟ್ಟಿ, 1, 2, 3 ಎಂದು ಚೀಟಿ ಸಿಕ್ಕಿಸಿ. ಬಿಗಿಯಾಗಿ ಕಟ್ಟಿದರೆ ಹುರಿ ರಟ್ಟನ್ನು ಕೊರೆಯುತ್ತದೆ. ವರ್ಗೀಕರಣದ ಸಂಖ್ಯೆಯಂತೆ ಜೋಡಿಸಿದ್ದನ್ನು ಎತ್ತರ ನೋಡಿ ಅಂದವಾಗಿ ಜೋಡಿಸಿಟ್ಟು ಹೋದರೆ, ಮೇಲ್ವಿಚಾರಕರು ವಾರಗಟ್ಟಲೆ ಹುಡುಕಬೇಕಾಗುತ್ತದೆ. ಎರಡನೇ ಕಾರ್ಯಕ್ರಮಕ್ಕೆ ಬೀಗದ ಕೈ ಸಿಗದೇ ಹೋಗಲು ಇದೊಂದೇ ಸಾಕು.

ಏನು ಮಾಡಬಹುದು?

ಗಮಕ ವಾಚನ ಗ್ರಂಥಾಲಯಕ್ಕೆ ಹೇಳಿ ಮಾಡಿಸಿದಂಥದ್ದು. ಹಾಡುವ ಗಮಕಿ, ಅರ್ಥ ಬಿಡಿಸುವ ವ್ಯಾಖ್ಯಾನಕಾರ, ಒಂದು ಶ್ರುತಿ ಪೆಟ್ಟಿಗೆ, ವೇದಿಕೆ ಬೇಕಿಲ್ಲ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಈ ಕಲೆಗೆ ಹೆಸರಾದ ಊರು. ಅಲ್ಲಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕಿಗಳ ಪರಿಚಯ ಇಲ್ಲದಿದ್ದರೆ ಕರ್ನಾಟಕ ಗಮಕ ಕಲಾ ಪರಿಷತ್ತಿನ ಮೂಲಕ ವಿಚಾರಿಸಿ, ನಿಮ್ಮ ಜಿಲ್ಲೆಯವರೇ ಸಿಗಬಹುದು.

ಒಂದು ಗಂಟೆಗೆ ವ್ಯಾಖ್ಯಾನ ಸೇರಿ 15ರಿಂದ 20 ಪದ್ಯ ಸಾಕು. ಆ ಪದ್ಯಗಳನ್ನು ಮುಂಚೆಯೇ ಕೇಳಿ ಪಡೆದು, 18 ಪಾಯಿಂಟಿನ ದಪ್ಪ ಅಕ್ಷರದಲ್ಲಿ ಮುದ್ರಿಸಿ, ಇಬ್ಬರಿಗೊಂದು ಪ್ರತಿ ಕೊಡಿ. ಕಣ್ಣಿನ ಮುಂದೆ ಅಕ್ಷರ ಇಲ್ಲದಿದ್ದರೆ ಹಳೆಯ ಕನ್ನಡದ ಮಾತು ಕಿವಿಯಿಂದ ಜಾರಿಹೋಗುತ್ತದೆ; ಇದ್ದರೆ ಏಳನೇ ತರಗತಿಯ ಹುಡುಗನೂ ಬೆರಳಿಟ್ಟು ಹಿಂಬಾಲಿಸುತ್ತಾನೆ. ಶುರುವಿಗೆ ಐದು ನಿಮಿಷ ಮಕ್ಕಳಿಗೆ ಆರು ಸಾಲಿನ ಭಾಮಿನಿ ಷಟ್ಪದಿ ಛಂದಸ್ಸಿನ ಲೆಕ್ಕ ತೊಡೆ ತಟ್ಟಿ ಹೇಳಿಕೊಡಿ: ಮೂರು-ನಾಲ್ಕು, ಮೂರು-ನಾಲ್ಕು. ಚಿಕ್ಕ ಸಾಲಿಗೆ 14 ಮಾತ್ರೆ; ಮೂರನೇ ಮತ್ತು ಆರನೇ ಸಾಲಿಗೆ ಮೂರು-ನಾಲ್ಕು ಮೂರು ಸಲ, ಮೇಲೆ ಒಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23. ಆ ಕೊನೆಯ ಗುರುವಿನ ಹತ್ತಿರ ಗಮಕಿ ದನಿ ಎಳೆದು ನಿಲ್ಲಿಸಿದಾಗ ಮಕ್ಕಳ ಕೈಯೂ ತಾನಾಗಿ ತೊಡೆಯ ಮೇಲೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಅವರನ್ನು ಸುಮ್ಮನಿರಿಸುವ ಕೆಲಸವೇ ಬೀಳದು.

ತಾಳಮದ್ದಳೆ ಇಡುವುದಾದರೆ ಹಾಡುವ ಭಾಗವತರು, ಮದ್ದಳೆ, ಚೆಂಡೆ, ಪಾತ್ರಗಳ ಮಾತಾಡುವ ನಾಲ್ವರು ಅರ್ಥಧಾರಿಗಳು ಎಂದು ಜಾಗ ಲೆಕ್ಕ ಹಾಕಿ. ಇಡೀ ಪ್ರಸಂಗ ಬೇಡ. ಒಂದೂವರೆ ಗಂಟೆಯ ಭಾಗ ಆರಿಸಲು ಭಾಗವತರಿಗೇ ಬಿಡಿ. ಚಿಕ್ಕ ಕೋಣೆಯಲ್ಲಿ ಚೆಂಡೆಯ ಸದ್ದು ಅರ್ಥವನ್ನು ನುಂಗುತ್ತದೆ, ಚೆಂಡೆಯವರನ್ನು ಬಾಗಿಲ ಬಳಿ ಕೂರಿಸಿ.

ಕಥೆ ಓದುವ ಸಂಜೆಗೆ ಖರ್ಚು ತೀರಾ ಕಡಿಮೆ. ಐದು ಮಂದಿ, ತಲಾ ಎಂಟು ನಿಮಿಷ. ಗಟ್ಟಿಯಾಗಿ ಓದುವಾಗ ನಿಮಿಷಕ್ಕೆ ನೂರು ಪದ ದಾಟಿದರೆ ಕೇಳುವವರಿಗೆ ಹಿಂದೆ ಬೀಳುವ ಭಾವನೆ ಬರುತ್ತದೆ, ಆದ್ದರಿಂದ 700 ಪದದೊಳಗಿನ ಭಾಗ ಆರಿಸಿ. ಕಥೆಯನ್ನು ಮುಗಿಸದೆ ಒಳ್ಳೆಯ ತಿರುವಿನಲ್ಲಿ ನಿಲ್ಲಿಸಿ, ‘ಉಳಿದದ್ದು ಆ ಮೇಜಿನ ಮೇಲಿದೆ’ ಎಂದು ಪುಸ್ತಕ ತೋರಿಸಿ. ಆ ಪ್ರತಿ ನಿಜವಾಗಿಯೂ ಮೇಜಿನ ಮೇಲಿರಬೇಕು.

ಹಕ್ಕುಸ್ವಾಮ್ಯದ ಬಗ್ಗೆ ಎರಡು ಮಾತು. ಲೇಖಕರು ತೀರಿಕೊಂಡ ವರ್ಷ ಮುಗಿದು 60 ವರ್ಷ ಕಳೆದರೆ ಕೃತಿ ಎಲ್ಲರದು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ, 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ಬರಹಗಳಿಗೆ ಅಡ್ಡಿಯಿಲ್ಲ. ಈಗಿನವರ ಕೃತಿಯಿಂದ ಮಿತವಾದ ಭಾಗ ಓದಬಹುದು. ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ನಾಟಕ ಆಡುವುದಕ್ಕೂ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೂ ಲೇಖಕರಿಗೊಂದು ಕಾಗದ ಬರೆದು ತಿಳಿಸುವುದು ಮರ್ಯಾದೆ. ಸಿನಿಮಾ ತೋರಿಸುವುದಕ್ಕೆ ಈ ವಿನಾಯಿತಿ ಅನ್ವಯಿಸದು. ಪೆನ್‌ಡ್ರೈವ್‌ನಲ್ಲಿದೆ ಎಂದು ಹಾಕಬೇಡಿ.

ಧ್ವನಿ, ಗಾಳಿ, ಬೆಳಕು

40 ಜನರ ಕೋಣೆಗೆ ಮೈಕು ಬೇಡ. ಜಗಲಿಯವರಿಗೂ ಕೇಳಬೇಕೆಂದರೆ ಒಂದು ಸ್ಪೀಕರ್ ಸಾಕು. ಅದು ಹಾಡುವವರ ಮುಂದೆ, ಜನರ ಕಡೆಗೆ ತಿರುಗಿರಲಿ. ಹಿಂದೆ ಇಟ್ಟರೆ ಸ್ಪೀಕರಿನ ಸದ್ದು ಮತ್ತೆ ಮೈಕಿನೊಳಗೆ ಹೊಕ್ಕು ‘ಕುಂಯ್’ ಎಂದು ಕಿರುಚುತ್ತದೆ. ಆಗ ಮಾಡಬೇಕಾದದ್ದು ಮೈಕಿಗೆ ಕೈ ಮುಚ್ಚುವುದಲ್ಲ, ಅದರಿಂದ ಕಿರುಚಾಟ ಹೆಚ್ಚುತ್ತದೆ. ವಾಲ್ಯೂಮ್ ತಗ್ಗಿಸಿ ಸ್ಪೀಕರನ್ನು ಮುಂದಕ್ಕೆ ಸರಿಸಿ. ಕಲಾವಿದರ ತಲೆಯ ಮೇಲಿನ ಫ್ಯಾನ್ ಆರಿಸಿ. ಅದರ ಗಾಳಿಗೆ ಪುಟಗಳು ಹಾರುತ್ತವೆ, ಕಟಕಟ ಸದ್ದು ಮೈಕಿಗೂ ಬರುತ್ತದೆ. ಕರೆಂಟ್ ಹೋದರೆ ಎಂದು ಎರಡು ಚಾರ್ಜಬಲ್ ದೀಪ ಬೇಕು. ದೀಪ ಬೆಳಗುವ ಪದ್ಧತಿ ಇದ್ದರೆ ಕಂಬವನ್ನು ಕಪಾಟಿನಿಂದ ಕನಿಷ್ಠ ಆರಡಿ ದೂರ, ತಟ್ಟೆಯ ಮೇಲೆ ಇಡಿ.

ಸಭೆಯ ಶಿಷ್ಟಾಚಾರ

ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಹಾರ, ಶಾಲು, ಅಧ್ಯಕ್ಷರ ನುಡಿ, ವಂದನಾರ್ಪಣೆ ಎಲ್ಲ ಸೇರಿ ಮುಕ್ಕಾಲು ಗಂಟೆ ಹೋದರೆ ಮಕ್ಕಳು ಎದ್ದು ಹೊರಗೆ ಓಡುತ್ತಾರೆ. ಇದಕ್ಕೆ ಎಂಟು ನಿಮಿಷ ಗೊತ್ತುಮಾಡಿ. ಪಂಚಾಯಿತಿ ಅಧ್ಯಕ್ಷರು, ಸದಸ್ಯರ ಮನೆಗೆ ಮುಂಚೆಯೇ ಹೋಗಿ ಕರೆಯಿರಿ, ಭಾಷಣದ ಬದಲು ಒಂದು ಕೆಲಸ ವಹಿಸಿ: ಹೊಸದಾಗಿ ಸದಸ್ಯರಾದ ಐದು ಮಕ್ಕಳಿಗೆ ಕಾರ್ಡು ಕೊಡುವುದು. 6ರಿಂದ 18 ವರ್ಷದ ಮಕ್ಕಳಿಗೆ ‘ಓದುವ ಬೆಳಕು’ ಯೋಜನೆಯಲ್ಲಿ ಸದಸ್ಯತ್ವ ಉಚಿತ. ಹೀಗೆ ಕರೆದರೆ ಯಾರೂ ಬೇಸರಿಸರು. ಕಲಾವಿದರ ಪ್ರಯಾಣದ ಖರ್ಚು, ಸಂಭಾವನೆ ಎಷ್ಟೆಂದು ಕರೆಯುವ ದಿನವೇ ಹೇಳಿ, ಹೊರಡುವ ಮೊದಲು ಲಕೋಟೆಯಲ್ಲಿ ಕೊಡಿ. ಹಳ್ಳಿಯ ಕಲಾವಿದರು ಬಾಯಿಬಿಟ್ಟು ಕೇಳುವುದಿಲ್ಲ.

ಪ್ರಚಾರಕ್ಕೆ ಎ4 ಹಾಳೆಯನ್ನು ನಾಲ್ಕು ಮಾಡಿ. 25 ಹಾಳೆಗೆ ನೂರು ಚೀಟಿ. ಡೇರಿ, ನ್ಯಾಯಬೆಲೆ ಅಂಗಡಿ, ಶಾಲೆಯ ಪ್ರಾರ್ಥನೆಯ ಹೊತ್ತು, ಆಶಾ ಕಾರ್ಯಕರ್ತೆಯರ ಕೈಯಲ್ಲಿ ಹಂಚಿ. ಪಂಚಾಯಿತಿಯ ಕಸದ ಗಾಡಿಯಲ್ಲಿ ಮೈಕಿದ್ದರೆ ಹಿಂದಿನ ಎರಡು ದಿನ ಕೂಗಿಸಿ. ವಾಟ್ಸ್ಆ್ಯಪ್ ಮಾತ್ರ ನಂಬಿದರೆ ಬರುವವರು ನಿಮ್ಮ ಗೆಳೆಯರಷ್ಟೇ.

ತಿಂಡಿ

ಎಣ್ಣೆ, ಅರಿಶಿನ ಇರುವ ಯಾವುದೂ ಬೇಡ. ಖಾರ ಮಂಡಕ್ಕಿ ತಿಂದ ಬೆರಳು ಪುಟಕ್ಕೆ ತಾಗಿದರೆ ಆ ಹಳದಿ ಕಲೆ ಪುಸ್ತಕ ಇರುವವರೆಗೂ ಹೋಗದು. ದೊನ್ನೆಯಲ್ಲಿ ಕೋಸಂಬರಿ, ಲೋಟದಲ್ಲಿ ಪಾನಕ ಸಾಕು. 50 ಜನಕ್ಕೆ ಹೆಸರುಬೇಳೆ ಒಂದೂಕಾಲು ಕಿಲೊ, ಸೌತೆಕಾಯಿ ಒಂದೂವರೆ ಕಿಲೊ, ತೆಂಗಿನಕಾಯಿ ಎರಡು, ನಿಂಬೆಹಣ್ಣು ಆರು. ಬೇಳೆ ಎರಡು ಗಂಟೆ ನೆನೆಯಲಿ. ಉಪ್ಪನ್ನು ಬಡಿಸುವ ಹೊತ್ತಿಗೇ ಹಾಕಿ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ದೊನ್ನೆ ಸೋರುತ್ತದೆ. ಪಾನಕಕ್ಕೆ ಏಳು ಲೀಟರ್ ನೀರು, ಒಂದು ಕಿಲೊ ಬೆಲ್ಲ, ಎಂಟು ನಿಂಬೆಹಣ್ಣು, ಹತ್ತು ಹನ್ನೆರಡು ಏಲಕ್ಕಿ. ಹಂಚುವುದು ಜಗಲಿಯಲ್ಲಿ, ಪಕ್ಕದಲ್ಲಿ ಒಂದು ಬಕೆಟ್ ನೀರು, ಒರೆಸಲು ಬಟ್ಟೆ.

ಮೇಜಿನ ಮೇಲಿನ ಪುಸ್ತಕ

ಬಾಗಿಲ ಪಕ್ಕದ ಮೇಜಿನ ಮೇಲೆ ಆ ದಿನದ ವಿಷಯಕ್ಕೆ ಹೊಂದುವ 25 ಪುಸ್ತಕ ಇಡಿ. ಬೆನ್ನಲ್ಲ, ಮುಖಪುಟ ಕಾಣಬೇಕು. ಅವುಗಳಲ್ಲಿ ಹತ್ತಾದರೂ ಮಕ್ಕಳ ಪುಸ್ತಕ, ಐದು ದಪ್ಪ ಅಕ್ಷರದವು. ಎರವಲು ವಹಿ, ಸದಸ್ಯತ್ವದ ಅರ್ಜಿ, ಎರಡು ಪೆನ್ನು ಅಲ್ಲೇ ಇರಲಿ. ತಿಂಡಿಗೆ ಮುಂಚೆ ಹತ್ತು ನಿಮಿಷ ‘ಪುಸ್ತಕದ ಹೊತ್ತು’ ಎಂದು ಘೋಷಿಸಿ. ತಿಂಡಿಯ ನಂತರ ಇಟ್ಟರೆ ಜನ ಮನೆಯ ದಾರಿ ಹಿಡಿದಿರುತ್ತಾರೆ. ಪುಸ್ತಕದ ಹೊಣೆ ಹೊತ್ತವರು ಹೆಸರು ಬರೆದುಕೊಳ್ಳಲಿ, ಸಹಿ ಮಾಡಲು ಮುಜುಗರಪಡುವವರಿಗೆ ‘ನಿಮ್ಮ ಮೊಮ್ಮಗಳ ಹೆಸರಲ್ಲಿ ಬರೆಯಲಾ ಅಜ್ಜಿ?’ ಎಂದು ಕೇಳಲಿ. ಎಷ್ಟು ಜನ ಬಂದರು ಎಂಬುದಕ್ಕಿಂತ ಆ ಸಂಜೆ ಮತ್ತು ಮುಂದಿನ ಏಳು ದಿನ ಎಷ್ಟು ಪುಸ್ತಕ ಹೊರಗೆ ಹೋದವು ಎಂಬುದನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. 15 ದಿನದ ಮೇಲೆ ಬಾರದ ಪುಸ್ತಕಕ್ಕೆ ಬಳಗದವರೇ ಮನೆಗೆ ಹೋಗಿ ಬನ್ನಿ, ಮೇಲ್ವಿಚಾರಕರನ್ನು ಕಳಿಸಬೇಡಿ.

ಹೆಂಗಸರ ಸೋಬಾನೆ ಪದದ ಮಧ್ಯಾಹ್ನವೊಂದನ್ನು ವರ್ಷದಲ್ಲಿ ಒಮ್ಮೆಯಾದರೂ ಇಡಿ. ಮೂರು ಗಂಟೆಗೆ, ಮೈಕಿಲ್ಲದೆ, ಎಲ್ಲರೂ ಸುತ್ತ ಕೂರುವಂತೆ. ಎದುರಿಗೆ ಸಭೆ ಕಂಡರೆ ಹಾಡು ಬಲ್ಲ ಅಜ್ಜಿಯರು ಬಾಯಿ ಬಿಡುವುದಿಲ್ಲ. ಒಪ್ಪಿಗೆ ಕೇಳಿಯೇ ಮೊಬೈಲಿನಲ್ಲಿ ದಾಖಲಿಸಿ, ಆಮೇಲೆ 200 ಪುಟದ ರಟ್ಟಿನ ನೋಟ್‌ಬುಕ್ಕಿನಲ್ಲಿ ಒಂದೊಂದು ಪದವನ್ನೂ ಬರೆಯಿರಿ: ಹಾಡಿದವರು, ಯಾರಿಂದ ಕಲಿತರು, ತವರೂರು, ದಿನಾಂಕ. ಅವರು ‘ಬಂದಾಳ’ ಎಂದು ಹಾಡಿದ್ದನ್ನು ‘ಬಂದಿದ್ದಾಳೆ’ ಎಂದು ತಿದ್ದಬೇಡಿ. ಬರೆದದ್ದನ್ನು ಹಾಡಿದವರಿಗೆ ಓದಿ ತೋರಿಸಿ, ಬಿಟ್ಟುಹೋದ ಸಾಲು ಅವರಿಗೆ ಆಗ ನೆನಪಾಗುತ್ತದೆ. ನೋಟ್‌ಬುಕ್ ತುಂಬಿದ ಮೇಲೆ ಮೇಲ್ವಿಚಾರಕರಿಂದ ಪರಿಗ್ರಹಣ ಸಂಖ್ಯೆ (ಗ್ರಂಥಾಲಯದ ದಾಖಲೆ ವಹಿಯಲ್ಲಿ ಪುಸ್ತಕಕ್ಕೆ ಕೊಡುವ ಕ್ರಮಸಂಖ್ಯೆ) ಹಾಕಿಸಿ, ಜಾನಪದದ ಕಪಾಟಿನಲ್ಲಿ ಇಡಿಸಿ.